ಇಂಡಿ ರೋಡ್

ಇಂಡಿ ರೋಡ್ ಎಂಬ ರೈಲು ಸ್ಟೇಶನ್ನಿನಲ್ಲಿ ಇಂಡಿ ಇಲ್ಲ. ನಂಬಿ ಇಳಿದವರಿಗೆ ಸಿಗುವುದು ರೋಡ್ ಮಾತ್ರ. ಊರು ಇನ್ನೂ ದೂರ. ಬಸವನ ಬಾಗೇವಾಡಿ ರೋಡಿನದೂ ಇದೇ ಹಣೆಬರಹ. ಸಿಂದಗಿ, ಮುದ್ದೇಬಿಹಾಳದವರು ಪುಣ್ಯವಂತರು. ರೈಲೇ ಇಲ್ಲದ್ದರಿಂದ ಅವರಿಗೆ ಈ ಮೋಸವೂ ಇಲ್ಲ.

ಈ ನಾಲ್ಕೂ ತಾಲೂಕಿನ ಹುಡುಗಿಯರು ವಿಜಯಪುರದ ಒಂದು ಹಾಸ್ಟೆಲಿನಲ್ಲಿದ್ದೆವು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರು ಮಂಗಳೂರು ಕಡೆಯವರು. ಅವ್ವ, ಅಕ್ಕ, ಕಾಕು, ಅತ್ತಿ ಗೊತ್ತಿದ್ದ ನಮಗೆ ಸಿಸ್ಟರು ಯಾವ ಸಂಬಂಧವೆಂದು ತಿಳಿಯದೆ ‘ಸಿಸ್ಟರಕ್ಕಾರ’ ಎಂದು ಕರೆದೆವು. ಅಕ್ಕನನ್ನು ಎರಡು ಸಲ ಹೇಳಿದೆವೆಂದು ಇಂಗ್ಲಿಷ್ ಕಲಿತ ಮೇಲೆ ಗೊತ್ತಾಯಿತು. ತಿದ್ದಿಕೊಳ್ಳಲಿಲ್ಲ.

ಅವರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಗಂಟು ಬೀಳಲು ವರ್ಷ ಹಿಡಿಯಿತು. ಮುದ್ದೇಬಿಹಾಳದ ಹುಡುಗಿಗೆ ಜ್ವರ ಬಂದಾಗ “ಅವಳಿಗೊಂದು ಬೊಂಡ ಕೊಡಿ” ಅಂದರು. ಕರಾವಳಿಯಲ್ಲಿ ಬೊಂಡವೆಂದರೆ ಎಳನೀರು. ಅಡಿಗಿ ಬಾಯಿ “ಜ್ವರದಾಗ ಎಣ್ಣಿ ಪದಾರ್ಥೇನ್ರೀ?” ಎಂದು ಗೊಣಗುತ್ತಲೇ ಬಿಸಿ ಆಲೂಬೋಂಡಾ ಕರಿದು ತಂದರು. ಹುಡುಗಿ ಎದ್ದು ಕೂತು ಎರಡು ತಿಂದಳು. ಮರುದಿನ ಹಾಸ್ಟೆಲಿನ ಅರ್ಧ ಹುಡುಗಿಯರಿಗೆ ಜ್ವರ.

ಬಾಗೇವಾಡಿಯವಳೊಬ್ಬಳು ಕಸಬರಿಗೆ ಮುಟ್ಟುತ್ತಿರಲಿಲ್ಲ. “ನಮ್ಮೂರಾಗ ಬಸವಣ್ಣ ಹುಟ್ಯಾನ್ರಿ” ಎಂದು ಬೀಗುತ್ತಿದ್ದಳು. ಸಿಸ್ಟರು ಕಸಬರಿಗೆ ಅವಳ ಕೈಗಿತ್ತು, “ಹಾಗಾದರೆ ಕಾಯಕ ಅಂದರೆ ಎಂತದು ಅಂತ ನಾನು ಹೇಳಿಕೊಡಬೇಕಾ ಮಾರಾಯ್ತಿ?” ಅಂದರು. ಅಂದಿನಿಂದ ನಮ್ಮ ವರಾಂಡ ಕನ್ನಡಿ.

ರಾತ್ರಿ ಊಟವಾದ ಮೇಲೆ ಕಥೆ. ಕಾರ್ಮೆಲ್ ಮಠದ ಸನ್ಯಾಸಿನಿಯರು ಗೋಡೆಯೊಳಗೇ ಪ್ರಾರ್ಥನೆಯಲ್ಲಿರುವವರು. ಪ್ರಾರ್ಥನೆಯ ಜೊತೆ ಪಾಠವೂ ಇರಲಿ ಎಂದು ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆ ಕಟ್ಟಿದರಂತೆ. ಅವರು ತಯಾರು ಮಾಡಿದ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದರು. ಅದೇ ಸಭೆಯ ಮದರ್ ಅಲೋಶಿಯಾ 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ತೆರೆದರು. ಆಗ ಮಂಗಳೂರು ಮದ್ರಾಸು ಪ್ರಾಂತ, ನಮ್ಮ ವಿಜಾಪುರ ಮುಂಬಯಿ ಪ್ರಾಂತ. ನಮ್ಮ ಸಿಸ್ಟರು ಓದಿದ್ದು ಆ ಕಾಲೇಜಿನಲ್ಲೇ.

“ಎಲ್ಲಾರ್ನೂ ಕಳಿಸಿ ವೆರೋನಿಕಾ ತಾವ್ಯಾಕ ಬರಲಿಲ್ರಿ?” ಎಂದು ಸಿಂದಗಿಯವಳು ಕೇಳಿದಳು.

“ಎಲ್ಲರೂ ಹೊರಟರೆ ತಯಾರು ಮಾಡಿ ಕಳಿಸುವವರು ಯಾರು?”

ಹತ್ತನೆಯದು ಮುಗಿದ ಮೇಲೆ ಅಪ್ಪ ನನ್ನ ಓದು ಸಾಕೆಂದರು. ಸಿಸ್ಟರಿಗೆ ಒಂದು ಕಾರ್ಡು ಬರೆದು ಅತ್ತೆ. ವಾರದೊಳಗೆ ಅವರು ರೈಲು ಹತ್ತಿ ಇಂಡಿ ರೋಡಿನಲ್ಲಿ ಇಳಿದಿದ್ದರು. ಬಸ್ಸು ತಪ್ಪಿತ್ತು. ಲಿಂಬಿಹಣ್ಣಿನ ಚೀಲ ತುಂಬಿದ ಟೆಂಪೋದಲ್ಲಿ, ಚೀಲಗಳ ನಡುವೆ ಕೂತು ಬಂದರು. ಬಿಳಿ ಉಡುಪಿನ ಮೇಲೆ ಕೆಂಪು ಧೂಳು, ಮೈಯೆಲ್ಲ ಲಿಂಬಿ ವಾಸನೆ. ಅವ್ವ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದು ಕಣ್ಣೀರು ಒರೆಸಿಕೊಂಡರು. ಅದು ಖಾರದ ಕಣ್ಣೀರೆಂದು ಅಪ್ಪನಿಗೆ ತಿಳಿಯಲಿಲ್ಲ. “ಹೆಣ್ಮಗಳು ಇಷ್ಟು ದೂರ ಬಂದು ಅಳಾಕತ್ತಾರ, ಇಲ್ಲ ಅನ್ನಾಕ ಬರೂದಿಲ್ಲ” ಎಂದು ಒಪ್ಪಿದರು.

ಸಿಸ್ಟರಕ್ಕಾರು ಈಗಿಲ್ಲ. ನಾನು ಮೇಷ್ಟ್ರಗಿತ್ತಿಯಾಗಿ ನಿವೃತ್ತಳೂ ಆದೆ. ಇಂಡಿ ಲಿಂಬೆಗೆ ಜಿಐ ಮುದ್ರೆಯೂ ಬಂತು. ಇಂಡಿ ರೋಡಿನಲ್ಲಿ ಇಳಿದವರು ಊರಿಗೆ ಈಗಲೂ ಬಸ್ಸನ್ನೇ ಹಿಡಿಯಬೇಕು.