‘ನಾನು ಪಿರಮಿಡ್ ಅಲ್ಲ, ತುದಿ ಸ್ವಲ್ಪ ಚೂಪು ಅಷ್ಟೇ!’

ಮೈಸೂರಿನ ಒಂದು ಮನೆ. ಮಲಗುವ ಕೋಣೆಯ ಬೀರುವಿನ ಮೇಲೆ, ಹಳೇ ಸೂಟ್‌ಕೇಸಿಗೂ ದಸರಾ ಗೊಂಬೆಗಳ ಪೆಟ್ಟಿಗೆಗೂ ನಡುವೆ, ನೇರಳೆ ಬಣ್ಣದ ಒಂದು ಜಿಪ್ ಬ್ಯಾಗು. ಒಳಗೆ ನಾಲ್ಕು ಲಿಪ್‌ಸ್ಟಿಕ್, ಎರಡು ಫೌಂಡೇಶನ್, ಒಂದು ನೈಟ್ ಕ್ರೀಮು, ಕಿರುಬೆರಳಿನಷ್ಟು ದಪ್ಪದ ಸ್ಯಾಂಪಲ್ ಶೀಷೆಗಳು ಮತ್ತು ನಗುವ ಹೆಣ್ಣುಮಕ್ಕಳೇ ತುಂಬಿರುವ ಕ್ಯಾಟಲಾಗು. ನೆಂಟರ ಮೂಲಕ, ಗೆಳತಿಯರ ಮೂಲಕ ಮನೆಮನೆಗೆ ಸೌಂದರ್ಯ ಸಾಮಗ್ರಿ ಮಾರುವ ವ್ಯವಹಾರದ ‘ಸ್ಟಾರ್ಟರ್ ಕಿಟ್’ ಇದು. ಸೇರಲೋ ಬೇಡವೋ ಎಂದು ತಲೆ ಕೆಡಿಸಿಕೊಂಡಿರುವ ಓದುಗರ ಪರವಾಗಿ, ಕುರ್ಚಿ ಹತ್ತಿ ಧೂಳು ಒರೆಸಿ ಮಾತಾಡಿಸಿದೆವು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಕಿಟ್: ಫೆಂಟಾಸ್ಟಿಕ್! ನಮ್ಮಲ್ಲಿ ‘ಪರವಾಗಿಲ್ಲ, ನಡೀತಿದೆ’ ಅನ್ನೋ ಹಾಗಿಲ್ಲ. ಜ್ವರ ಬಂದಿದ್ದರೂ ಫೆಂಟಾಸ್ಟಿಕ್. ಟ್ರೈನಿಂಗಿನ ಮೊದಲ ಪಾಠವೇ ಅದು. ಅಂದ ಹಾಗೆ ನಿಮ್ಮದು ಡ್ರೈ ಸ್ಕಿನ್ನೋ, ಆಯಿಲಿ ಸ್ಕಿನ್ನೋ?

ಪ್ರಶ್ನೆ: ಅದಿರಲಿ. ಬೀರುವಿನ ಮೇಲೆ ಏನು ಮಾಡುತ್ತಿದ್ದೀರಿ?

ಕಿಟ್: ಮೇಲಕ್ಕೇರುತ್ತಾ ಇದ್ದೀನಿ. ನಮ್ಮ ಬಿಸಿನೆಸ್ಸಿನಲ್ಲಿ ಯಾರೂ ಕೆಳಗಿಳಿಯೋದಿಲ್ಲ. ಬಂದ ಹೊಸದರಲ್ಲಿ ಸೋಫಾದ ಪಕ್ಕ ಇದ್ದೆ, ಆಮೇಲೆ ಡ್ರೆಸ್ಸಿಂಗ್ ಟೇಬಲ್ಲಿಗೆ ಬಂದೆ, ಈಗ ಬೀರುವಿನ ಮೇಲೆ. ಇನ್ನೊಂದು ಪ್ರಮೋಷನ್ ಸಿಕ್ಕರೆ ಅಟ್ಟ.

ಪ್ರಶ್ನೆ: ನಿಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಿ.

ಕಿಟ್: ದೊಡ್ಡ ಮನೆತನ ಸ್ವಾಮಿ. ಮೂಲಪುರುಷ ಅಮೆರಿಕದ ಡೇವಿಡ್ ಮೆಕಾನೆಲ್. ಮನೆಮನೆಗೆ ಪುಸ್ತಕ ಮಾರುತ್ತಿದ್ದವನು. ಪುಸ್ತಕದ ಜೊತೆ ಪುಕ್ಕಟೆ ಸೆಂಟು ಕೊಡುತ್ತಿದ್ದ. ಹೆಂಗಸರಿಗೆ ಪುಸ್ತಕಕ್ಕಿಂತ ಸೆಂಟೇ ಇಷ್ಟವಾಗುತ್ತಿದೆ ಅಂತ ಗೊತ್ತಾದಾಗ ಪುಸ್ತಕ ಬಿಟ್ಟು 1886ರಲ್ಲಿ ಸೆಂಟಿನ ಕಂಪನಿಯನ್ನೇ ತೆಗೆದ. ಅದೇ ಮುಂದೆ ಏವನ್ ಆಯಿತು. ನ್ಯೂ ಹ್ಯಾಂಪ್‌ಶೈರಿನ ಶ್ರೀಮತಿ ಆಲ್ಬಿ ಅದರ ಮೊದಲ ಮಾರಾಟಗಾರ್ತಿ. ಅಮೆರಿಕದ ಸಂವಿಧಾನ ಹೆಣ್ಣುಮಕ್ಕಳಿಗೆ ಮತದ ಹಕ್ಕು ಕೊಟ್ಟದ್ದು 1920ರಲ್ಲಿ. ಅದಕ್ಕೂ ಮೂವತ್ತು ವರ್ಷಕ್ಕೆ ಮುಂಚೆ ನಮ್ಮವರು ಅವರ ಕೈಗೆ ಸ್ವಂತ ಸಂಪಾದನೆ ಕೊಟ್ಟಿದ್ದರು. ಇದನ್ನು ದಪ್ಪಕ್ಷರದಲ್ಲಿ ಹಾಕಿ.

ಪ್ರಶ್ನೆ: ಹಾಕುತ್ತೇವೆ. ಆಮೇಲೆ?

ಕಿಟ್: 1963ರಲ್ಲಿ ಡಲ್ಲಾಸ್‌ನಲ್ಲಿ ಮೇರಿ ಕೇ ತಮ್ಮದೇ ಕಂಪನಿ ತೆಗೆದರು. 1969ರಿಂದ ಚೆನ್ನಾಗಿ ಮಾರಿದವರಿಗೆ ಗುಲಾಬಿ ಬಣ್ಣದ ಕ್ಯಾಡಿಲಾಕ್ ಕಾರು ಕೊಡಲಾರಂಭಿಸಿದರು. ಇವತ್ತಿಗೂ ನಮ್ಮ ಮೀಟಿಂಗುಗಳಲ್ಲಿ ಸ್ಲೈಡಿನ ತುಂಬ ಕಾರೇ ಯಾಕೆ ಅಂತ ಈಗ ಗೊತ್ತಾಯಿತಲ್ಲ? 1967ರಲ್ಲಿ ಸ್ವೀಡನ್‌ನಲ್ಲಿ ಅಣ್ಣತಮ್ಮಂದಿರು ಸೇರಿ ಓರಿಫ್ಲೇಮ್ ಕಟ್ಟಿದರು. ಅದು ಭಾರತಕ್ಕೆ ಬಂದದ್ದು 1995ರಲ್ಲಿ.

ಪ್ರಶ್ನೆ: ಆ ಹಿರಿಯ ಏವನ್ ಈಗ ಹೇಗಿದೆ?

ಕಿಟ್: (ಜಿಪ್ ಎಳೆದುಕೊಳ್ಳುತ್ತಾ) ಅದರ ಅಮೆರಿಕದ ಕಂಪನಿ 2024ರ ಆಗಸ್ಟ್‌ನಲ್ಲಿ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಸಾಲ, ಟಾಲ್ಕಮ್ ಪೌಡರಿನ ಮೊಕದ್ದಮೆಗಳು, ಎಲ್ಲ ಮೇಲೆ ಬಿದ್ದಿದ್ದವು. ನೆಗೆಟಿವ್ ಮಾತು ಬೇಡ. ಮುಂದಿನ ಪ್ರಶ್ನೆ?

ಪ್ರಶ್ನೆ: ಈ ಮನೆಗೆ ಹೇಗೆ ಬಂದಿರಿ?

ಕಿಟ್: ಮನೆಯೊಡತಿಗೆ ಕಾಲೇಜಿನ ಗೆಳತಿಯೊಬ್ಬಳ ಫೋನು ಬಂತು. ಮದುವೆಗೂ ಬಾರದವಳು, ‘ನಿನ್ನ ನೆನಪಾಯ್ತು ಕಣೇ’ ಅಂದಳು. ‘ಒಂದು ಒಳ್ಳೇ ಅವಕಾಶ ಇದೆ, ಫೋನಲ್ಲಿ ಹೇಳೋಕಾಗಲ್ಲ, ಭಾನುವಾರ ಪ್ಲಾನ್ ಕೇಳೋಕೆ ಬಾ’ ಅಂತಲೂ ಅಂದಳು. ಹೋಟೆಲಿನ ಪಾರ್ಟಿ ಹಾಲು, ಪ್ರೊಜೆಕ್ಟರು, ಕೋಟು ತೊಟ್ಟ ಅಕ್ಕಂದಿರು. ಕುಣಿತ ಮೊದಲು, ಕಣ್ಣೀರು ಆಮೇಲೆ, ಫಾರಂ ಕೊನೆಗೆ. ನಮ್ಮ ಯಜಮಾನಿ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದವರು, ಮಗು ಆದ ಮೇಲೆ ಬಿಟ್ಟಿದ್ದರು. ಗಂಡನನ್ನು ಕೇಳದೆ ಅಮ್ಮನಿಗೊಂದು ಸೀರೆ ಕೊಡಿಸಬೇಕು ಅನ್ನೋದು ಅವರ ಆಸೆ. ಅದು ಸುಳ್ಳು ಆಸೆ ಅಲ್ಲ ಸ್ವಾಮಿ. ಮಗು ಮಲಗಿದಾಗ ಮಾಡಬಹುದಾದ ಕೆಲಸ, ಮೇಲಧಿಕಾರಿಯ ಕಾಟ ಇಲ್ಲದ ಕೆಲಸ ಈ ಊರಲ್ಲಿ ಎಷ್ಟಿದೆ? ಅಂಥದ್ದು ಎಲ್ಲ ಬೀದಿಯಲ್ಲೂ ಇದ್ದಿದ್ದರೆ ನಮ್ಮ ಹಾಲು ಖಾಲಿ ಹೊಡೆಯುತ್ತಿತ್ತು.

ಪ್ರಶ್ನೆ: ಸೇರಿದ ಮೊದಲ ದಿನ ಏನಾಯಿತು?

ಕಿಟ್: ‘ನೂರು ಹೆಸರು ಬರಿ’ ಅಂದರು ಅಪ್‌ಲೈನ್ ಅಕ್ಕ. ನಮ್ಮನ್ನು ಸೇರಿಸಿದವರು ಅಪ್‌ಲೈನ್, ನಾವು ಸೇರಿಸಿದವರು ಡೌನ್‌ಲೈನ್. ಯಜಮಾನಿಗೆ ಮೂವತ್ತರ ಮೇಲೆ ನೆನಪಾಗಲಿಲ್ಲ. ಆಗ ಹೊಳೆದದ್ದು ಮದುವೆಯ ಮುಯ್ಯಿ ಪುಸ್ತಕ! ಕೆಂಪು ರಟ್ಟು, ಮೊದಲ ಪುಟದಲ್ಲಿ ಅರಿಶಿನದ ಗುರುತು, ಅವರ ಅಪ್ಪನ ಕೈಬರಹ. ‘ಸೋದರತ್ತೆ, ಹಾಸನ: 501. ಕುಕ್ಕರ್: ಬ್ಯಾಂಕಿನ ರಾಯರು.’ ಅದರ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಹೊಸ ಕಲಂ ಬಿತ್ತು: ‘ನೈಟ್ ಕ್ರೀಮ್ ಆಗಬಹುದು’, ‘ಡೌನ್‌ಲೈನ್ ಆಗಬಹುದು’, ‘ಜಿಪುಣಿ, ಕಾಜಲ್ ಮಾತ್ರ’. ಮುಯ್ಯಿ ತೀರಿಸಬೇಕಾದ ಪುಸ್ತಕದಲ್ಲಿ ವಸೂಲಿ ಶುರುವಾಯಿತು.

ಪ್ರಶ್ನೆ: ಸಂಪಾದನೆ ಹೇಗಾಯಿತು?

ಕಿಟ್: ಲೆಕ್ಕ ಬಲು ಸುಲಭ. 600 ರೂಪಾಯಿ ಬೆಲೆಯ ಕ್ರೀಮು ನಮ್ಮವರಿಗೆ 480ಕ್ಕೆ ಸಿಗುತ್ತೆ ಅಂತಿಟ್ಟುಕೊಳ್ಳಿ. ಮಾರಿದರೆ 120 ಲಾಭ.

ಪ್ರಶ್ನೆ: ಆಟೋ?

ಕಿಟ್: ಹೋಗಿ ಬರೋಕೆ 80.

ಪ್ರಶ್ನೆ: ತೋರಿಸಲು ತೆರೆದ ಸ್ಯಾಂಪಲ್ಲು?

ಕಿಟ್: ಅದು ಬಂಡವಾಳ, ಖರ್ಚಿನಲ್ಲಿ ಬರೆಯೋ ಹಾಗಿಲ್ಲ.

ಪ್ರಶ್ನೆ: ಸೋದರತ್ತೆ ‘ದುಡ್ಡು ಮುಂದಿನ ತಿಂಗಳು ಕೊಡ್ತೀನಿ ಕಣೇ’ ಅಂದರೆ?

ಕಿಟ್: ಅದು ಸಂಬಂಧ, ಅದನ್ನೂ ಬರೆಯೋ ಹಾಗಿಲ್ಲ. ನೀವು ಸಣ್ಣದಾಗಿ ಯೋಚಿಸ್ತಿದ್ದೀರಿ. ನಿಜವಾದ ಆಟ ಇರೋದು ತಿಂಗಳ ಕೊನೆಯಲ್ಲಿ. 30ನೇ ತಾರೀಕು ರಾತ್ರಿ ಅಪ್‌ಲೈನ್ ಅಕ್ಕನ ಮೆಸೇಜು: ‘ಇನ್ನು ಎರಡೇ ಸಾವಿರದ ಪಾಯಿಂಟು, ನಿನ್ನ ಲೆವೆಲ್ ಉಳಿಯುತ್ತೆ!’ ಯಜಮಾನಿ ತಾವೇ ಎರಡು ಸಾವಿರಕ್ಕೆ ಆರ್ಡರ್ ಹಾಕಿದರು. ಮುನ್ನೂರು ಕಮಿಷನ್ ಬಂತು. ಸ್ಟೇಜಿನ ಮೇಲೆ ಚಪ್ಪಾಳೆಯೂ ಬಿತ್ತು.

ಪ್ರಶ್ನೆ: ಎರಡು ಸಾವಿರ ಕೊಟ್ಟು ಮುನ್ನೂರು ಪಡೆದರು ಅನ್ನಿ.

ಕಿಟ್: ಜೊತೆಗೆ ಮಾಲೂ ಬಂತಲ್ಲ! ನನ್ನೊಳಗೆ ಈಗ ಇರೋದು ಅದೇ. ಈ ಲಿಪ್‌ಸ್ಟಿಕ್ ತಿರುಗಿಸಿ ನೋಡಿ. ಕ್ಯಾಟಲಾಗಿನಲ್ಲಿ ಗುಲಾಬಿ, ಕೈಮೇಲೆ ಇಟ್ಟಿಗೆ. ಕಳೆದ ಬೇಸಿಗೆಗೆ ತುದಿ ಬೆವರಿ ಒಂದು ಕಡೆ ವಾಲಿದೆ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರ ಇದೆಯಲ್ಲ, ಅದು ಬ್ಯಾಚ್ ನಂಬರು. ಅದರ ಕೆಳಗಿರೋದು ಬಳಕೆಯ ಕೊನೇ ದಿನಾಂಕ. ಓದಬೇಡಿ, ಮುಗಿದಿದೆ.

ಪ್ರಶ್ನೆ: ಮಾರಾಟದಲ್ಲಿ ಅಲ್ಲ, ಜನ ಸೇರಿಸುವುದರಲ್ಲಿ ದುಡ್ಡಿದೆ ಎನ್ನುತ್ತಾರಲ್ಲ?

ಕಿಟ್: ಅಲ್ಲೇ ಇರೋದು ಮ್ಯಾಜಿಕ್! ನೀವು ಆರು ಜನರ ಐಡಿ ಹಾಕಿಸಿ, ಸಾಕು. ಅವರು ತಲಾ ಆರು ಜನರನ್ನು ತರುತ್ತಾರೆ. ಆರಾರಲೆ ಮೂವತ್ತಾರು. ಅವರಿಂದ 216, ಆಮೇಲೆ 1,296. ನೀವು ಕಾಲು ಚಾಚಿ ಕೂತಿರಿ.

ಪ್ರಶ್ನೆ: ಹಾಗೇ ಗುಣಿಸುತ್ತಾ ಹೋಗೋಣ. ಹತ್ತನೇ ಮೆಟ್ಟಿಲಿಗೆ 6,04,66,176 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ.

ಕಿಟ್: ನೋಡಿದಿರಾ, ಸಾಕಾಗುತ್ತೆ!

ಪ್ರಶ್ನೆ: ಮೇಲಿನ ಒಂಬತ್ತು ಮೆಟ್ಟಿಲಿನಲ್ಲಿ ಇರುವ ಒಂದು ಕೋಟಿ ಇಪ್ಪತ್ತು ಲಕ್ಷ ಜನರನ್ನು ಮರೆತಿರಿ. ಬೀದರ್‌ನಿಂದ ಚಾಮರಾಜನಗರದವರೆಗೆ ತೊಟ್ಟಿಲ ಕೂಸನ್ನೂ ಬಿಡದೆ ಸೇರಿಸಿದರೂ ಸಾಲದು. ಹದಿಮೂರನೇ ಮೆಟ್ಟಿಲಿಗೆ ಭೂಮಿಯ ಮೇಲಿನ ಜನವೇ ಸಾಲುವುದಿಲ್ಲ. ಎಲ್ಲರೂ ಮಾರುವವರೇ ಆದರೆ ಕೊಳ್ಳುವವರು ಯಾರು?

ಕಿಟ್: ಇಂಥ ಪ್ರಶ್ನೆ ಕೇಳುವವರನ್ನು ನಾವು ‘ಡ್ರೀಮ್ ಸ್ಟೀಲರ್’ ಅಂತೀವಿ. ಅಂಥವರ ಫೋನು ಎತ್ತಬೇಡಿ ಅಂತ ಟ್ರೈನಿಂಗಿನಲ್ಲೇ ಹೇಳಿಕೊಡ್ತಾರೆ. ಗಂಡ, ಅತ್ತೆ, ಬ್ಯಾಂಕಿನಲ್ಲಿರೋ ಮೈದುನ ಸಾಮಾನ್ಯವಾಗಿ ಈ ಪಟ್ಟಿಗೆ ಬರುತ್ತಾರೆ.

ಪ್ರಶ್ನೆ: ಹಾಗಾದರೆ ನೀವು ಪಿರಮಿಡ್ ಯೋಜನೆಯೇ?

ಕಿಟ್: ಛೆ ಛೆ! ಮೇಲೆ ಒಬ್ಬರು, ಕೆಳಗೆ ಆರು, ಅದರ ಕೆಳಗೆ ಮೂವತ್ತಾರು. ಬರೆದಾಗ ತುದಿ ಸ್ವಲ್ಪ ಚೂಪಾಗಿ ಕಾಣುತ್ತೆ ಅಷ್ಟೇ. ಅದಕ್ಕೇ ಈಗ ಚಿತ್ರವನ್ನು ಮಲಗಿಸಿ ಬರೆಯುತ್ತೇವೆ.

ಪ್ರಶ್ನೆ: ಕಾನೂನು ಚಿತ್ರ ನೋಡುವುದಿಲ್ಲ. 1978ರಲ್ಲೇ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ಬಂದಿದೆ. 2021ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೇರ ಮಾರಾಟದ ನಿಯಮಗಳೂ ಬಂದವು. ಮಾಲು ಮಾರಿ ಕಮಿಷನ್ ಪಡೆಯುವುದಕ್ಕೆ ಅಡ್ಡಿಯಿಲ್ಲ, ಜನ ಸೇರಿಸಿದ್ದಕ್ಕೇ ದುಡ್ಡು ಹಂಚುವಂತಿಲ್ಲ.

ಕಿಟ್: ಆ ನಿಯಮಗಳ ಪ್ರಿಂಟೌಟ್ ನಮ್ಮ ಆಫೀಸಿನಲ್ಲಿ ಫ್ರೇಮ್ ಹಾಕಿಸಿಟ್ಟಿದ್ದಾರೆ. ಗಾಜು ದಿನಾ ಒರೆಸ್ತಾರೆ.

ಪ್ರಶ್ನೆ: ಸೇರಲು ಶುಲ್ಕವಾಗಲಿ, ತೋರಿಸುವ ಸಾಮಗ್ರಿಯ ಬೆಲೆಯಾಗಲಿ ಕೇಳಬಾರದೆಂದು 2016ರ ಕೇಂದ್ರದ ಮಾರ್ಗಸೂಚಿಯೇ ಹೇಳಿತ್ತು. ನಿಮಗೆ ಯಜಮಾನಿ ದುಡ್ಡು ಕೊಟ್ಟರಲ್ಲ?

ಕಿಟ್: ಶುಲ್ಕ ಎಲ್ಲಿ ಸ್ವಾಮಿ? ಸೇರೋದು ಪೂರ್ತಿ ಉಚಿತ. ಬಿಲ್ಲಿನಲ್ಲಿ ನನ್ನ ಹೆಸರು ‘ಮೊದಲ ಆರ್ಡರ್’. ಹಾಕದೇ ಇರಬಹುದು. ಹಾಕದವರನ್ನು ಮೀಟಿಂಗಿನಲ್ಲಿ ಯಾರೂ ಮಾತಾಡಿಸಲ್ಲ, ಅಷ್ಟೇ.

ಪ್ರಶ್ನೆ: ಗುರುತಿನ ಚೀಟಿ ಇಲ್ಲದೆ, ಮುಂಚೆ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗಬಾರದು ಎಂಬ ನಿಯಮವೂ ಇದೆ.

ಕಿಟ್: ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಹೋದಾಗ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಹೋಗೋದಾ? ಮೊರದ ಪಕ್ಕದಲ್ಲೇ ಕ್ಯಾಟಲಾಗು ಇಟ್ಟರೆ ಆಯಿತು. ಸೋದರತ್ತೆ ಬೇಡ ಅನ್ನೋಕೆ ಸಂಕೋಚಪಡ್ತಾರೆ. ನಿಜ ಹೇಳಬೇಕಂದ್ರೆ ನಾವು ಮಾರೋದು ಆ ಸಂಕೋಚವನ್ನೇ. ಆಮೇಲೆ ಅತ್ತೆ ಫೋನು ಎತ್ತೋದು ನಿಲ್ಲಿಸಿದರು, ಅದು ಬೇರೆ ವಿಷಯ.

ಪ್ರಶ್ನೆ: ಮನೆಬಾಗಿಲಿಗೆ ಸಿಂಗಾರದ ಸಾಮಾನು ತರುವುದು ನಮಗೇನು ಹೊಸದಲ್ಲ. ಬಳೆಗಾರ ಬರುತ್ತಿದ್ದ, ಜಗಲಿಯಲ್ಲಿ ಕೂತು ಕೈ ಹಿಡಿದು ಬಳೆ ತೊಡಿಸುತ್ತಿದ್ದ, ತವರಿನ ಸುದ್ದಿ ಹೇಳುತ್ತಿದ್ದ, ಹೋಗುತ್ತಿದ್ದ.

ಕಿಟ್: ಅವನಿಗೆ ವಿಷನ್ ಇರಲಿಲ್ಲ. ‘ನೀನೂ ಬಳೆಗಾರ್ತಿಯಾಗು, ಆರು ಬಳೆಗಾರರನ್ನು ಹುಡುಕು’ ಅಂತ ಒಂದು ಮಾತು ಹೇಳಿದ್ದರೆ ಡೈಮಂಡ್ ಡೈರೆಕ್ಟರ್ ಆಗಿಬಿಡುತ್ತಿದ್ದ. ಪಾಪ, ಬಳೆ ಮಾತ್ರ ಮಾರಿದ.

ಪ್ರಶ್ನೆ: ನಿಮ್ಮಿಂದ ನಿಜವಾಗಿ ಉದ್ಧಾರವಾದವರು ಯಾರೂ ಇಲ್ಲವೇ?

ಕಿಟ್: ಇದ್ದಾರೆ, ಅದು ಸುಳ್ಳಲ್ಲ. ಬ್ಯೂಟಿ ಪಾರ್ಲರ್ ಇರೋರು, ಹಾಸ್ಟೆಲ್ ಪಕ್ಕ ಅಂಗಡಿ ಇರೋರು, ದಿನಾ ಹೊಸ ಮುಖ ನೋಡೋರು. ಅವರ ಕೈಲಿ ನನ್ನ ಮಾಲು ಓಡುತ್ತೆ. ಅವರು ಕ್ರೀಮನ್ನು ಕ್ರೀಮು ಅಂತ ಮಾರ್ತಾರೆ, ಬೇಕಾದವರು ಕೊಳ್ತಾರೆ. ಆದರೆ ಅಂಥವರನ್ನು ಸ್ಟೇಜಿಗೆ ಕರೆಯೋದು ಕಡಿಮೆ. ‘ದಿನಕ್ಕೆ ಎಂಟು ಗಂಟೆ ನಿಂತು ಮಾರಿದೆ’ ಅನ್ನೋ ಮಾತಿಗೆ ಯಾರು ಕುಣಿತಾರೆ?

ಪ್ರಶ್ನೆ: ಈಗ ನಮ್ಮ ಓದುಗರೊಬ್ಬರು ಸೇರುವ ಯೋಚನೆಯಲ್ಲಿದ್ದಾರೆ. ಕಂಪನಿಯ ಭಾಷೆ ಬಿಟ್ಟು, ಬೀರುವಿನ ಮೇಲಿನ ಅನುಭವದಿಂದ ಹೇಳಿ.

ಕಿಟ್: ಯಾರೂ ಕೇಳಿಸಿಕೊಳ್ತಿಲ್ಲ ತಾನೇ? ಸರಿ. ಒಂದು: ಈ ಬಿಸಿನೆಸ್ಸೇ ಇಲ್ಲ ಅಂದುಕೊಂಡು ಈ ಕ್ರೀಮನ್ನು ಈ ಬೆಲೆಗೆ ಅಂಗಡಿಯಲ್ಲಿ ಕೊಳ್ತೀರಾ? ಇಲ್ಲ ಅಂದರೆ ಬೇರೆಯವರು ಯಾಕೆ ಕೊಳ್ತಾರೆ? ಎರಡು: ಮಾರಾಟವಾಗದ ಮಾಲನ್ನು ಎಷ್ಟು ದಿನದೊಳಗೆ, ಎಷ್ಟು ಕಡಿತ ಮಾಡಿ ವಾಪಸ್ ತಗೋತಾರೆ ಅಂತ ಬರಹದಲ್ಲಿ ಕೇಳಿ. ಸಹಿ ಹಾಕಿದ ಮೇಲೂ ದಂಡವಿಲ್ಲದೆ ಹಿಂದೆ ಸರಿಯೋ ಅವಧಿ ನಿಯಮದಲ್ಲೇ ಇದೆ, ಅದು ನಿಮ್ಮ ಒಪ್ಪಂದದಲ್ಲಿ ಎಷ್ಟು ದಿನ ಅಂತ ಓದಿ. ಮೂರು: ಅಪ್‌ಲೈನ್ ಅಕ್ಕನನ್ನು ಎದುರು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ. ‘ಕಳೆದ ತಿಂಗಳು ನಿಮ್ಮ ತಂಡದವರು, ನೆಂಟರು ಬಿಟ್ಟು ಹೊರಗಿನವರು ನಿಮ್ಮ ಹತ್ತಿರ ಎಷ್ಟು ರೂಪಾಯಿಯ ಮಾಲು ಕೊಂಡರು?’ ಉತ್ತರ ರೂಪಾಯಿ ಲೆಕ್ಕದಲ್ಲಿ ಬಂದರೆ ಕೂತು ಯೋಚಿಸಿ. ಕಥೆಯಾಗಿ ಬಂದರೆ ಕಾಫಿ ಮುಗಿಸಿ ಎದ್ದು ಬನ್ನಿ.

ಪ್ರಶ್ನೆ: ಬಹಳ ಉಪಕಾರವಾಯಿತು. ಅದೇ ಪ್ರಶ್ನೆ ನಿಮಗೂ. ನಿಮ್ಮೊಳಗಿನ ಮಾಲಿನಲ್ಲಿ ಹೊರಗಿನವರು ಕೊಂಡದ್ದು ಎಷ್ಟು ರೂಪಾಯಿಯದು?

ಕಿಟ್: ಅದಾ? ಒಳ್ಳೇ ಪ್ರಶ್ನೆ. ನೋಡಿ, ದಾವಣಗೆರೆಯಲ್ಲಿ ಒಬ್ಬ ಗೃಹಿಣಿ ಇದ್ದರು. ಬಿಸಿನೆಸ್ ಶುರು ಮಾಡಿದಾಗ ಅವರ ಹತ್ತಿರ ಒಂದು ಸ್ಕೂಟಿ ಕೂಡ ಇರಲಿಲ್ಲ...