ಒಂಟಿ ಸವಾರಿಯ ಸೈಕಲ್ಲು, ಗುಂಪಿನ ದಾರಿ

ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೆ ಹೊರಡುವ ಸೈಕಲ್ ಗುಂಪುಗಳಲ್ಲಿ ಒಬ್ಬರಾದರೂ ಬೇರೆಯಾಗಿ ಕಾಣುತ್ತಾರೆ. ಉಳಿದವರೆಲ್ಲ ಹಿಂದಿನ ವಾರದ ಪಂಕ್ಚರ್ ಪುರಾಣ ಹೇಳಿಕೊಂಡು ಹೋಗುತ್ತಿದ್ದರೆ ಇವರು ಮಾತ್ರ ಎರಡೂ ಮೊಣಕೈಗಳನ್ನು ಮೆತ್ತೆಗಳ ಮೇಲೆ ಊರಿ, ಕೈ ಮುಂದಕ್ಕೆ ಚಾಚಿ, ಬೆನ್ನು ಮಟ್ಟಸ ಮಾಡಿಕೊಂಡು ಮೌನವಾಗಿ ತುಳಿಯುತ್ತಿರುತ್ತಾರೆ. ಅದು ಟ್ರಯಾಥ್ಲಾನ್ ಸೈಕಲ್ಲು. ಆ ದುಡ್ಡಿಗೆ ಒಳ್ಳೆಯ ಮೋಟಾರ್‌ಬೈಕೇ ಬರುತ್ತಿತ್ತಲ್ಲ ಎಂದು ಮನೆಯವರು ಆಗಲೇ ಹೇಳಿರುವುದರಿಂದ ಆ ಮಾತು ನಮಗೆ ಬೇಡ. ನನ್ನ ತಕರಾರು ಸೈಕಲ್ಲಿನ ಮೇಲೂ ಅಲ್ಲ, ಸವಾರರ ಮೇಲೂ ಅಲ್ಲ. ಗುಂಪಿನ ನಡುಮಧ್ಯದಲ್ಲಿ ಅವರು ಹಿಡಿದಿರುವ ಜಾಗದ ಮೇಲೆ.

ಈ ಸೈಕಲ್ಲಿನ ವಂಶವೃತ್ತಾಂತ ನೋಡಿದರೆ ಅದರ ಸ್ವಭಾವ ಗೊತ್ತಾಗುತ್ತದೆ. 1978ರಲ್ಲಿ ಹವಾಯಿಯಲ್ಲಿ ಶುರುವಾದ ಐರನ್‌ಮ್ಯಾನ್ ಎಂಬ ಟ್ರಯಾಥ್ಲಾನ್ ಸ್ಪರ್ಧೆಯಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, 42.2 ಕಿ.ಮೀ. ಓಡಬೇಕು. ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಗಾಳಿಯಿಂದ ಪಾರಾಗುವುದು ಅಲ್ಲಿ ಅಪರಾಧ. ಕನಿಷ್ಠ 12 ಮೀಟರ್ ಅಂತರ ಬಿಡದಿದ್ದರೆ ದಂಡದ ಟೆಂಟಿನಲ್ಲಿ ನಿಂತು ನಿಮಿಷ ಎಣಿಸಬೇಕಾಗುತ್ತದೆ. ಹೀಗೆ ಗಾಳಿಯನ್ನು ಒಬ್ಬರೇ ಸೀಳಬೇಕಾದವರಿಗಾಗಿ ಮೊಣಕೈ ಊರುವ ಏರೋ ಬಾರ್ ಬಂತು. 1989ರ ಟೂರ್ ದ ಫ್ರಾನ್ಸಿನ ಕೊನೆಯ ದಿನ 50 ಸೆಕೆಂಡು ಹಿಂದಿದ್ದ ಗ್ರೆಗ್ ಲೆಮಾಂಡ್, ಟ್ರಯಾಥ್ಲಾನಿನವರಿಂದ ಬಂದ ಈ ಹ್ಯಾಂಡಲ್ ಹಿಡಿದು 24.5 ಕಿ.ಮೀ. ತುಳಿದು, ಇಡೀ ಟೂರನ್ನೇ 8 ಸೆಕೆಂಡಿನಿಂದ ಗೆದ್ದ. ಆದರೆ ಅವತ್ತು ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಟ್ಟಿದ್ದರು. ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ಸ್ಪರ್ಧೆಗಳಲ್ಲಿ ಈ ಹ್ಯಾಂಡಲ್ಲಿಗೆ ಪ್ರವೇಶವೇ ಇಲ್ಲ. ಒಲಿಂಪಿಕ್ಸಿನ ಟ್ರಯಾಥ್ಲಾನಿನಲ್ಲಿ ಒಬ್ಬರ ಹಿಂದೊಬ್ಬರು ಸೇರಿಕೊಳ್ಳಲು ಅವಕಾಶವಿದೆ. ಅಲ್ಲಿ ಅದೇ ಟ್ರಯಾಥ್ಲೀಟುಗಳು ರೋಡ್ ಬೈಕ್ ಹತ್ತುತ್ತಾರೆ. ಕಸುಬಿನವರೇ ಗುಂಪು ಕಂಡೊಡನೆ ಸೈಕಲ್ ಬದಲಾಯಿಸುತ್ತಾರೆಂದ ಮೇಲೆ ನಮ್ಮದೇನು?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಬ್ರೇಕ್ ಎಲ್ಲಿದೆ ನೋಡಿದರೆ ಸಾಕು. ಕೈ ಇರುವುದು ಮುಂದೆ ಚಾಚಿದ ಕೊಳವೆಗಳ ತುದಿಯಲ್ಲಿ, ಬ್ರೇಕ್ ಇರುವುದು ಹಿಂದೆ, ಅಗಲವಾದ ಹ್ಯಾಂಡಲ್ಲಿನ ಎರಡು ಕೊನೆಗಳಲ್ಲಿ. ಮುಂದಿನವರು ‘ಹಂಪ್!’ ಎಂದು ಕೂಗಿದಾಗ ಮೊಣಕೈ ಎತ್ತಿ, ಕೈ ಹಿಂದಕ್ಕೆ ತಂದು, ಅಗಲಿಸಿ, ಬೆರಳಿಗೆ ಬ್ರೇಕ್ ಸಿಗುವಷ್ಟರಲ್ಲಿ ಅರ್ಧ ಸೆಕೆಂಡಾದರೂ ಬೇಕು. ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಅರ್ಧ ಸೆಕೆಂಡಿಗೆ 5 ಮೀಟರ್. ಗುಂಪಿನಲ್ಲಿ ಮುಂದಿನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ಇರುವ ಅಂತರ ಒಂದು ಮೀಟರ್ ಇದ್ದರೆ ಹೆಚ್ಚು. ಮುಂದಿನವರು ಇದ್ದಕ್ಕಿದ್ದಂತೆ ನಿಂತೇಬಿಟ್ಟರೆ ಉಳಿದ ನಾಲ್ಕು ಮೀಟರಿನ ಲೆಕ್ಕವನ್ನು ತಮ್ಮ ಮೈಮೇಲೆ ಬರೆಸಿಕೊಳ್ಳಬೇಕಾಗುತ್ತದೆ. ನಮ್ಮ ರಸ್ತೆಗಳೋ, ಬಣ್ಣವೂ ಬೋರ್ಡೂ ಇಲ್ಲದ ಹಂಪುಗಳು, ಅಡ್ಡ ಬರುವ ನಾಯಿ, ಎದ್ದು ಹೋಗದ ಎಮ್ಮೆ. ಸುಗ್ಗಿಯಲ್ಲಾದರೆ ಬಸ್ಸಿನ ಗಾಲಿಯಿಂದಲೇ ಒಕ್ಕಣೆ ಮಾಡಿಸಲು ಹರಡಿದ ಹುರುಳಿ.

ಇಷ್ಟು ಅಪಾಯ ಹೊತ್ತುಕೊಂಡು ಸಿಗುವ ಲಾಭವಾದರೂ ಏನು? ಮುಂದಿನವರ ಮರೆಯಲ್ಲಿ ಹೋಗುವವರ ಶ್ರಮ ಗಣನೀಯವಾಗಿ ಇಳಿಯುತ್ತದೆ. ಲಕ್ಷಗಟ್ಟಲೆ ಸುರಿದು ಕೊಂಡ ಉಳಿತಾಯವನ್ನು ಗುಂಪು ಎಲ್ಲರಿಗೂ ಪುಕ್ಕಟೆಯಾಗಿ ಹಂಚುತ್ತಿರುತ್ತದೆ. ಅಲ್ಲಿ ಏರೋ ಬಾರಿನ ಮೇಲೆ ಮಲಗುವುದು ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಬುತ್ತಿ ಬಿಚ್ಚಿದ ಹಾಗೆ. ಇನ್ನು ದೂರದ ಸವಾರಿಯ ವೇಗ ನೋಡಿ: ಬ್ರೆವೆ ಎಂಬ ಸಮಯಮಿತಿಯ ಸವಾರಿಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಸಮಯವಿರುತ್ತದೆ. ಎಂದರೆ ಗಂಟೆಗೆ ಸುಮಾರು 15 ಕಿ.ಮೀ. ಸಾಕು. ಬೆನ್ನು ಬಗ್ಗಿಸಿ ಉಳಿಸಿದ ನಿಮಿಷಗಳೆಲ್ಲ ಎರಡನೇ ಪ್ಲೇಟ್ ಇಡ್ಲಿ ಬರುವಷ್ಟರಲ್ಲಿ ಖರ್ಚಾಗಿರುತ್ತವೆ.

ದೂರದ ಹಾದಿಯಲ್ಲಿ ಮೊಣಕೈ ಊರಿದರೆ ಅಂಗೈ ಜೋಮು ಹಿಡಿಯುವುದಿಲ್ಲ ಎನ್ನುತ್ತಾರೆ. ನಿಜ, ಅದನ್ನು ಒಪ್ಪಲೇಬೇಕು. ಆದರೆ ಆ ಸುಖಕ್ಕೆ ಮುಂದೆ ಖಾಲಿ ರಸ್ತೆ ಬೇಕು, ಇನ್ನೊಬ್ಬರ ಹಿಂಚಕ್ರವಲ್ಲ. ‘ಗುಂಪಿನಲ್ಲಿ ಬ್ರೇಕ್ ಮೇಲೇ ಕೈ ಇಟ್ಟಿರುತ್ತೇನೆ’ ಎನ್ನುವವರಿದ್ದಾರೆ. ಒಳ್ಳೆಯದೇ, ಆದರೆ ಬಹಳಷ್ಟು ಸೈಕಲ್ಲುಗಳಲ್ಲಿ ಆಗ ಗೇರು ಕೈಗೆ ಎಟುಕದೆ ಮುಂದಿನ ತುದಿಯಲ್ಲಿ ಉಳಿಯುತ್ತದೆ, ಏರು ಬಂದಾಗ ಮತ್ತೆ ಅಲ್ಲಿಗೇ ಕೈ ಚಾಚಬೇಕು. ಇರುವುದೇ ಒಂದು ಸೈಕಲ್ಲು, ಸ್ಪರ್ಧೆಗೆ ಅದರ ಮೇಲೇ ಅಭ್ಯಾಸವಾಗಬೇಕು ಎಂಬುದು ಮೂರನೆಯ ವಾದ, ಮೂರರಲ್ಲಿ ಗಟ್ಟಿಯಾದದ್ದು. ಆದರೆ ಸ್ಪರ್ಧೆಯಲ್ಲಿ ಒಬ್ಬರೇ ಗಾಳಿಗೆ ಎದೆಕೊಡಬೇಕಾದವರು ಗುಂಪಿನ ಮರೆಯಲ್ಲಿ ಅಭ್ಯಾಸ ಮಾಡಿ ಕಲಿಯುವುದಾದರೂ ಏನನ್ನು?

ಆದ್ದರಿಂದ ಯಾರೂ ಸೈಕಲ್ ಮಾರಬೇಕಿಲ್ಲ, ಗುಂಪು ಬಿಡಬೇಕಿಲ್ಲ. ಎಲ್ಲರಿಗಿಂತ ಮುಂದೆ ಹೋಗಿ ಗಾಳಿ ಸೀಳಿ, ಹಿಂದಿನವರು ಹರಸುತ್ತಾರೆ. ಇಲ್ಲವೇ 12 ಮೀಟರ್ ಹಿಂದೆ ಉಳಿದು ನಿಮ್ಮ ಸ್ಪರ್ಧೆಯ ನಿಯಮವನ್ನೇ ಪಾಲಿಸಿ. ಮಾತಾಡುವುದಿದ್ದರೆ ಇಡ್ಲಿ ಹೋಟೆಲಿನಲ್ಲಿ ಮಾತಾಡೋಣ; ಅಲ್ಲಿ ಮೊಣಕೈ ಊರಿ ಕೂರುವುದಕ್ಕೆ ಯಾರ ಆಕ್ಷೇಪವೂ ಇಲ್ಲ.