ಚಿಂತಾ 8

ಅಂಬಾಜಿದುರ್ಗ ಅಡಗಿ ಕೂರುವ ಜಾತಿಯ ಬೆಟ್ಟವಲ್ಲ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಮೇಲೆ ತಲೆಯೆತ್ತಿ ನಿಂತ ಬಂಡೆ. ಅದನ್ನು ಹುಡುಕಿಕೊಂಡು ಹೊರಟ ನಾನು ಕಳೆದ ಭಾನುವಾರ ಹಿಪ್ಪುನೇರಳೆ ತೋಟದ ನಡುವೆ, ರೇಷ್ಮೆ ಹುಳು ಸಾಕುವ ಮನೆಯೊಂದರ ಬಾಗಿಲಿಗೆ ಕಾರಿನ ಮೂತಿ ಇಟ್ಟು ನಿಂತಿದ್ದೆ. ‘ನೀವು ಸೇರಬೇಕಾದ ಸ್ಥಳ ಬಂದಿದೆ’ ಎಂದಿತು ಫೋನು. ಒಳಗಿಂದ ಬಂದ ಯಜಮಾನರು, ‘ಹಾರನ್ ಮಾತ್ರ ಹೊಡೀಬೇಡಿ ಸಾಮಿ, ಹುಳ ನಾಲ್ಕನೇ ಜ್ವರದಾಗವೆ’ ಎಂದು ಕೈಮುಗಿದರು. ಅಷ್ಟರಲ್ಲಿ ಫೋನಿನ ಬ್ಯಾಟರಿಯೂ ತಾನು ಸೇರಬೇಕಾದ ಸ್ಥಳ ಸೇರಿತು.

ರಿವರ್ಸ್ ಗೇರಿನಲ್ಲೇ ಏದುಸಿರು ಬಿಡುತ್ತ ಡಾಂಬರು ರಸ್ತೆಗೆ ಬಂದಾಗ ಸಿಕ್ಕಿದ್ದು ಈ ಕಲ್ಲು. ಹುಣಸೆಮರದ ಬುಡದಲ್ಲಿ ಕೊಂಚ ವಾಲಿಕೊಂಡು ನಿಂತಿತ್ತು. ತಲೆಯ ಬಣ್ಣ ಯಾವ ಇಲಾಖೆಯದೆಂದು ತಿಳಿಯದಷ್ಟು ಮಾಸಿತ್ತು. ಯಾರೋ ಬೋರ್‌ವೆಲ್ ಜಾಹೀರಾತಿನ ಚೀಟಿ ಮೆತ್ತಿ ಚಿಂತಾಮಣಿ ಎಂಬ ಊರಿನ ಹೆಸರಿನಲ್ಲಿ ‘ಮಣಿ’ ಮುಚ್ಚಿಹೋಗಿ, ‘ಚಿಂತಾ 8’ ಎಂದಷ್ಟೇ ಉಳಿದಿತ್ತು. ಸುತ್ತ ಬೇರೆ ನರಪಿಳ್ಳೆಯಿಲ್ಲ. ಮಾತಿಗಿಳಿದೆ.

ನಾನು: ನಮಸ್ಕಾರ ಮೈಲಿಗಲ್ಲಿನವರೇ...

ಕಲ್ಲು: ಮೊದ್ಲು ಅದನ್ನ ತಿದ್ಕೊಳ್ಳಿ. ಮೈಲಿ ಸತ್ತು ಎಷ್ಟು ಕಾಲ ಆಯ್ತು! 1956ರಲ್ಲಿ ಕಾಯ್ದೆ ಬಂತು, ಆಮೇಲೆ ನಮ್ಮನ್ನೆಲ್ಲ ಕಿಲೋಮೀಟರಿಗೆ ಮತಾಂತರ ಮಾಡಿದ್ರು. ಆದ್ರೂ ಪೇಪರಿನೋರು ಬಿಡಲ್ಲ. ಯಾರಾದ್ರೂ ಪ್ರಶಸ್ತಿ ತಗೊಂಡ್ರೆ ‘ಮಹತ್ವದ ಮೈಲಿಗಲ್ಲು’ ಅಂತಾರೆ. ಅವರ ಮೈಲಿಗಲ್ಲಿಗೆ ಶಾಲು, ಹಾರ. ಇಲ್ಲಿ ನಿಂತಿರೋ ನನಗೆ ನಾಯಿ ಕಾಲೆತ್ತತೈತೆ.

ನಾನು: ತಮ್ಮ ಹಿನ್ನೆಲೆ?

ಕಲ್ಲು: ಹಿಂದುಗಡೆ ಕಾಣ್ತೈತಲ್ಲ, ಬೆಟ್ಟ, ಅದೇ. ವಂಶ ಕೇಳಿದ್ರೆ ದೊಡ್ಡದು. ಗಾವುದ ನಮ್ಮ ಮುತ್ತಾತ, ಹರದಾರಿ ತಾತ, ಮೈಲಿ ನಮ್ಮಪ್ಪ. ಕೂಗಳತೆ ಅಂತ ಒಬ್ಬ ಚಿಕ್ಕಪ್ಪ ಇದ್ದ. ಅವನ ಲೆಕ್ಕ ಮಾತ್ರ ಕೂಗೋನ ಗಂಟಲಿನ ಮೇಲೆ.

ನಾನು: ಕಾಗದದ ನಕಾಶೆಯ ಕಾಲ ನೆನಪಿದೆಯೆ?

ಕಲ್ಲು: ಮರೆಯೋದುಂಟಾ? ಅಂಬಾಸಿಡರ್ ಬಂದು ಇದೇ ಮರದ ನೆರಳಿಗೆ ನಿಲ್ಲೋದು. ಬಾನೆಟ್ ಮೇಲೆ ಮ್ಯಾಪ್ ಹಾಸೋರು. ಗಾಳಿಗೆ ಹಾರದಂಗೆ ಒಂದು ಮೂಲೆಗೆ ಫ್ಲಾಸ್ಕು, ಇನ್ನೊಂದು ಮೂಲೆಗೆ ಹೆಂಡ್ತಿ ಕೈ. ಯಜಮಾನ ನನ್ನ ನೋಡೋನು, ಮ್ಯಾಪ್ ನೋಡೋನು, ಬೆಟ್ಟ ನೋಡೋನು, ಆಮೇಲೆ ಆಯಮ್ಮನ್ನ ಬೈಯೋನು. ಮಡಚೋವಾಗ ಮಡಿಕೆ ಕೂಡದೆ ಇನ್ನೊಂದು ಸುತ್ತು ಬೈಗುಳ. ವರ್ಷಗಟ್ಟಲೆ ಮಡಚಿ ಮಡಚಿ ಆ ಮಡಿಕೆಯ ಜಾಗದಲ್ಲೇ ಕಾಗದ ಸವೆದು ತೂತಾಗೋದು. ಒಬ್ಬರ ಮ್ಯಾಪಿನಲ್ಲಿ ಸರಿಯಾಗಿ ಅಂಬಾಜಿದುರ್ಗವೇ ತೂತಾಗಿತ್ತು. ಬೆಟ್ಟದ ಮುಂದೆ ನಿಂತ್ಕೊಂಡು ‘ಇಲ್ಲೊಂದು ಬೆಟ್ಟ ಇರ್ಬೇಕಿತ್ತಲ್ಲಾ’ ಅಂತಿದ್ದ ಪುಣ್ಯಾತ್ಮ.

ನಾನು: ಆ ನಕಾಶೆಗಳ ಹಿಂದೆ ಎಷ್ಟು ಶ್ರಮವಿತ್ತು...

ಕಲ್ಲು: ಅದನ್ನ ನಾನೂ ಒಪ್ತೀನಿ. ಸರ್ವೆ ಆಫ್ ಇಂಡಿಯಾ 1767ರದು. ಲ್ಯಾಂಬ್ಟನ್ ಸಾಹೇಬ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಸರಪಣಿ ಎಳೆದು ದೇಶ ಅಳೆಯೋಕೆ ಶುರುಮಾಡಿದ. ಅರ್ಧ ಟನ್ ತೂಕದ ಥಿಯೊಡೊಲೈಟ್ ಅನ್ನೋ ಅಳತೆ ಯಂತ್ರಾನ ಕೂಲಿಯೋರ ಹೆಗಲ ಮೇಲೆ ಬೆಟ್ಟ ಬೆಟ್ಟ ಹತ್ತಿಸಿದ. 1808ರಲ್ಲಿ ತಂಜಾವೂರಿನ ಗುಡಿ ಗೋಪುರಕ್ಕೆ ಏರಿಸೋಕೆ ಹೋಗಿ, ಹಗ್ಗ ಕಿತ್ತು, ಯಂತ್ರಕ್ಕೆ ಪೆಟ್ಟಾಯ್ತು. ಕೂತು ರಿಪೇರಿ ಮಾಡಿ ಮತ್ತೆ ಅಳೆದ. ನೀವು ಬ್ಯಾಟರಿ ಹೋಯ್ತು ಅಂತ ಆಗಲೇ ಮುಖ ಸಣ್ಣ ಮಾಡ್ಕೊಂಡಿದೀರ.

ನಾನು: ತಪ್ಪು ನನ್ನದಲ್ಲ. ಉಪಗ್ರಹವೇ ದಾರಿ ತಪ್ಪಿಸಿತು.

ಕಲ್ಲು: ಉಪಗ್ರಹಕ್ಕೆ ನಿಮ್ಮ ಮೇಲೇನು ಹಗೆ? ಮೊನ್ನೆ ಒಬ್ಬ ಇಂಜಿನಿಯರ್ ಹುಡುಗ ನನ್ನ ತಲೆ ಮೇಲೆ ಕೂತ್ಕೊಂಡು ಜೊತೇಲಿದ್ದ ಹುಡುಗಿಗೆ ವಿವರಿಸ್ತಿದ್ದ. ಆ ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಮೇಲೆ ಸುತ್ತುತಾ, ತಾವು ಎಲ್ಲಿದೀವಿ, ಟೈಮ್ ಎಷ್ಟಾಯ್ತು ಅಂತ ಕೂಗ್ತಾ ಇರ್ತವಂತೆ. ನಾಲ್ಕು ಉಪಗ್ರಹದ ಕೂಗು ಹಿಡಿದು, ಎಷ್ಟು ತಡವಾಗಿ ಬಂತು ಅಂತ ನೋಡಿ, ಫೋನು ತನ್ನ ಜಾಗ ಲೆಕ್ಕ ಹಾಕ್ಕೊಳ್ಳತೈತೆ. ನೋಡಿ, ನಮ್ಮ ಕೂಗಳತೆ ಚಿಕ್ಕಪ್ಪ ಸತ್ತಿಲ್ಲ, ಮೇಲೆ ಹೋಗವನೆ ಅಷ್ಟೆ! ದಾರಿ ಹೇಳೋದು ಅವಲ್ಲ. ಅದು ಕೆಳಗೆ ಯಾರೋ ಬರೆದಿಟ್ಟಿರೋ ಮ್ಯಾಪು. ಅದಕ್ಕೆ ಹೆದ್ದಾರಿಯೂ ಗೆರೆ, ಎತ್ತಿನಗಾಡಿ ಜಾಡೂ ಗೆರೆ. ಎರಡು ನಿಮಿಷ ಉಳೀತೈತೆ ಅಂದ್ರೆ ನಿಮ್ಮನ್ನ ಹುಳದ ಮನೆಗೆ ನುಗ್ಗಿಸ್ತೈತೆ.

ಹುಡುಗಿ ಈ ಕಥೆಗೆ ಏನಂದಳು ಎಂದು ಕೇಳಬೇಕೆನಿಸಿತು. ಸಂದರ್ಶನದ ಗಾಂಭೀರ್ಯಕ್ಕಾಗಿ ಬಿಟ್ಟೆ.

ಕಲ್ಲು: ಹೆಸರಿಂದು ಇನ್ನೊಂದು ಕರ್ಮ. ಕೈಲಾಸಗಿರಿ ಗುಹೆ ಗುಡಿ ಇಲ್ಲೇ ಪಕ್ಕದಲ್ಲೈತೆ. ಬರೀ ‘ಕೈಲಾಸಗಿರಿ’ ಅಂತ ಒತ್ತಿದ್ರೆ ವಿಶಾಖಪಟ್ಟಣದಲ್ಲಿ ಅದೇ ಹೆಸರಿನ ಪಾರ್ಕ್ ಐತೆ. ‘ಅಂಬಾಜಿ’ ಅಂದ್ರೆ ಗುಜರಾತಿನ ಅಮ್ಮನ ಗುಡಿ. ‘ಚಿಂತಾಮಣಿ’ ಅಂದ್ರೆ ಪುಣೆ ಹತ್ರದ ಥೇವೂರ್ ಗಣಪತಿ. ಎಲ್ಲ ಒಳ್ಳೇ ಜಾಗಗಳೇ. ರಾತ್ರಿ ಮುದ್ದೆ ಊಟಕ್ಕೆ ಮನೆ ಸೇರೋಕಾಗಲ್ಲ ಅಷ್ಟೆ. ನಗಬೇಡಿ. 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟ ಒಂದು ಸಂಸಾರ ಫೋನ್ ನಂಬ್ಕೊಂಡು ಖಾನಾಪುರದ ಕಾಡಲ್ಲಿ ರಾತ್ರಿ ಕಳೀತು.

ನಾನು: ಹಾಗಾದರೆ ಜನ ನಿಮ್ಮನ್ನೇ ನಂಬಬೇಕೆ?

ಕಲ್ಲು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಬರೆಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ. ರಸ್ತೆ ಅಗಲ ಮಾಡೋವಾಗ ನನ್ನ ಕಿತ್ತು ಮೋರಿಗೆ ಎಸೆದಿದ್ರು. ಆಮೇಲೆ ಯಾರೋ ಪುಣ್ಯಾತ್ಮ ಎತ್ತಿ, ನೆರಳಿರೋ ಜಾಗ ನೋಡಿ ನೆಟ್ಟ. ಮುಂಚೆ ನಾನು ಆ ತಿರುವಿನ ಆಚೆ ಇದ್ದೆ. ನಂಬರ್ ಮಾತ್ರ ಅದೇ 8. ಹೆದ್ದಾರಿ ಕಲ್ಲುಗಳ ಪಾಡೂ ಅಷ್ಟೆ. ಅವರ ರಸ್ತೆಗೆ 234 ಅನ್ನೋ ನಂಬರಿತ್ತು, ಈಗ 69. ಲಾರಿಯೋರು ಇನ್ನೂ ಹಳೇ ನಂಬರಲ್ಲೇ ಕೂಗ್ತಾರೆ.

ನಾನು: ದಿನವಿಡೀ ಡ್ರೈವರುಗಳನ್ನು ನೋಡುತ್ತೀರಿ. ಯಾವುದು ಹೆಚ್ಚು ಸಿಟ್ಟು ಬರಿಸುತ್ತದೆ?

ಕಲ್ಲು: ಕೂತ್ಕೊಳ್ಳಿ. ಚೇಳಿಲ್ಲ, ಕೂತ್ಕೊಳ್ಳಿ. ಎದುರು ಬರೋನು ಹೈ ಬೀಮ್ ಇಳಿಸಲ್ಲ. ಇವನೂ ಇಳಿಸಲ್ಲ. ಇಬ್ಬರೂ ‘ಮ್ಯಾನರ್ಸ್ ಇಲ್ಲ’ ಅಂತ ಬೈಕೊಂಡು ಹೋಗ್ತಾರೆ. ಟೊಮ್ಯಾಟೊ ಕ್ರೇಟಿನ ಟೆಂಪೋದ ಬಲಗಡೆ ಇಂಡಿಕೇಟರ್ ಚಿಂತಾಮಣಿಯಿಂದಲೇ ಮಿಣಕ್ತಾ ಬರ್ತೈತೆ. ಅದರರ್ಥ ‘ಬಲಕ್ಕೆ ತಿರುಗ್ತೀನಿ’ ಅಂತಾನೋ, ‘ಮುಂದೆ ಹೋಗಪ್ಪ’ ಅಂತಾನೋ, ‘ಆಫ್ ಮಾಡೋದು ಮರೆತೆ’ ಅಂತಾನೋ ಬ್ರಹ್ಮನಿಗೂ ಗೊತ್ತಿಲ್ಲ. ಟ್ರ್ಯಾಕ್ಟರಿಗೆ ಹಿಂದೆ ದೀಪ ಇಲ್ಲ, ಮುಂದೆ ಮಾತ್ರ ಊರಿಗೆಲ್ಲ ಕೇಳೋ ಹಾಡು. ಹಂಪ್ಸು ಬೇರೆ. ಮನೆ ಮುಂದೆ ಒಂದು ನಾಯಿ ಸತ್ರೆ ಸಂಜೆಗೆ ಒಂದು ಹಂಪ್ಸ್ ಹುಟ್ಟತೈತೆ. ಬಣ್ಣ ಇಲ್ಲ, ಬೋರ್ಡಿಲ್ಲ. ಹಾರಿದ ಮೇಲೇ ಅದಿತ್ತು ಅಂತ ತಿಳಿಯೋದು.

ನಾನು: ರಸ್ತೆಯ ಮೇಲೆ ಹುರುಳಿ ಹಾಸುತ್ತಾರಲ್ಲ, ಅದು?

ಕಲ್ಲು: ಬೆಂಗಳೂರಿನೋರಿಗೆ ಅದೇ ದೊಡ್ಡ ಸಂಕಟ. ಅಪಾಯ ಇಲ್ಲ ಅನ್ನಲ್ಲ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿ, ಸೈಲೆನ್ಸರ್ ಬಿಸಿಗೆ ಹೊಗೆಯಾಡಿದ್ದು ನೋಡಿದೀನಿ. ಬೈಕಿನೋರು ಜಾರಿ ಬಿದ್ದಿದ್ದೂ ಉಂಟು. ಆದ್ರೆ ಕಣ ಮಾಡೋಕೆ ಜಾಗ ಎಲ್ಲೈತೆ? ಕಣ ಇದ್ದಲ್ಲಿ ನಿಮ್ಮಂಥೋರೇ ಬಂದು ಸೈಟ್ ಮಾಡ್ಕೊಂಡ್ರಿ. ಮಜಾ ಏನು ಅಂದ್ರೆ, ಹಾಸಿದೋನಿಗೆ ಬೈದ ಕಾರಿನೋನೇ ಮುಂದಿನ ಹೋಟೆಲಲ್ಲಿ ‘ಹುರುಳಿ ಸಾರೈತಾ?’ ಅಂತ ಕೇಳ್ತಾನೆ.

ನಾನು: ಜನರನ್ನು ಕೇಳಿದರೆ ದಾರಿ ಸರಿಯಾಗಿ ಹೇಳುತ್ತಾರೆಯೇ?

ಕಲ್ಲು: ಎಲ್ಲಿ! ಕುರಿ ಕಾಯೋನ್ನ ಕನ್ನಡದಲ್ಲಿ ಕೇಳಿದ್ರೆ ತೆಲುಗಿನಲ್ಲಿ ‘ನೇರುಗಾ ಪೋ’ ಅಂತಾನೆ. ನೇರ ಹೋದ್ರೆ ಕೆರೆ. ಅವನಿಗೆ ಕೆರೆ ಏರಿ ಮೇಲೆ ಹೋಗೋದೇ ನೇರ. ಆದ್ರೆ ಒಂದು. ಕುರಿ ಕಾಯೋನು ದಾರಿ ಹೇಳೋಕೆ ಮುಂಚೆ ನೀವು ಎಲ್ಲಿಂದ ಬಂದ್ರಿ, ಯಾರ ಮನೆಗೆ, ಈ ಬಿಸಿಲಲ್ಲಿ ಬೆಟ್ಟ ಯಾಕೆ ಅಂತ ಕೇಳ್ತಾನೆ. ಅರ್ಧಕ್ಕರ್ಧ ಜನ ಆ ಮೂರನೇ ಪ್ರಶ್ನೆಗೇ ವಾಪಸ್ ಹೋಗ್ತಾರೆ.

ಅಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಗಾಜಿಳಿಸಿದ ಯುವಕ, ‘ಸರ್, ಅಂಬಾಜಿದುರ್ಗ?’ ಎಂದ. ನಾನು ಬೆಟ್ಟದ ಕಡೆ ಕೈ ತೋರಿಸಿದೆ. ಅವನು ಬೆಟ್ಟ ನೋಡಲಿಲ್ಲ, ಫೋನು ನೋಡಿದ. ‘ಮ್ಯಾಪಲ್ಲಿ ಶಾರ್ಟ್‌ಕಟ್ ತೋರಿಸ್ತಿದೆ ಸರ್, ಥ್ಯಾಂಕ್ಸ್’ ಎಂದು ಹಿಪ್ಪುನೇರಳೆ ತೋಟದ ಕಡೆಗೆ ತಿರುಗಿಸಿದ. ‘ಹಾರನ್ ಹೊಡೀಬೇಡಿ!’ ಎಂದು ಕೂಗಿದೆ. ಗಾಜು ಏರಿತ್ತು.

‘ಹತ್ತು ನಿಮಿಷಕ್ಕೆ ವಾಪಸ್ ಬರ್ತಾನೆ, ನೋಡ್ತಾ ಇರಿ’ ಎಂದಿತು ಕಲ್ಲು.

ನಾನು ವಾಚು ನೋಡುತ್ತ ಕೂತೆ. ಹನ್ನೆರಡು ನಿಮಿಷವಾಯಿತು.

‘ಟ್ರಾಫಿಕ್ ಇರ್ಬೇಕು. ಈ ಹೊತ್ತಿಗೆ ಕುರಿಮಂದೆ ಕೆರೆಗೆ ಇಳೀತೈತೆ’ ಎಂದಿತು.